ತಳ ಮುಟ್ಟಿದ ಸದ್ದು

ರಸ್ತೆಯೇ ಗಾಡಿಗಳಿಗೆ ಉಣಿಸತೊಡಗಿ ಇಪ್ಪತ್ಮೂರು ವರ್ಷವಾಯಿತು. ಡಾಂಬರಿನ ಕೆಳಗೆ ಹೂತಿಟ್ಟ ತಾಮ್ರದ ಸುರುಳಿಗಳಿಂದ, ಓಡುವ ಗಾಡಿಗೆ ಓಡುತ್ತಲೇ ವಿದ್ಯುತ್ತು ಸಿಗುತ್ತದೆ. ಹಾಗಾಗಿ ಯಾರೂ ಎಲ್ಲಿಯೂ ನಿಲ್ಲುವುದಿಲ್ಲ. ನಿಲ್ಲದ ಮೇಲೆ ಚಹಾ ಇಲ್ಲ, ಮಿರ್ಚಿ ಇಲ್ಲ, ಪಂಕ್ಚರ್ ಅಂಗಡಿ ಇಲ್ಲ. ಪುಣೆ-ಬೆಂಗಳೂರು ದಾರಿಯುದ್ದಕ್ಕೂ ಎಷ್ಟೋ ಊರುಗಳು ಗಾಡಿ ನಿಲ್ಲುತ್ತವೆ ಎಂಬ ಒಂದೇ ಕಾರಣಕ್ಕೆ ಹುಟ್ಟಿಕೊಂಡಿದ್ದವು ಎಂಬುದು ಆಮೇಲೆ ತಿಳಿಯಿತು. ಈ ರಸ್ತೆಯನ್ನು ರೂಪಿಸಿದ ಜಾಣರು ಹೊಗೆಯ ಬಗ್ಗೆ ಯೋಚಿಸಿದ್ದರು, ಮಿರ್ಚಿಯ ಬಗ್ಗೆ ಯೋಚಿಸಿರಲಿಲ್ಲ.

ನನ್ನ ಹೆಸರು ವಿಭಾ ಅಂಗಡಿ. ಧಾರವಾಡದ ಹಳೆ ಇಂಧನ ನೆಲ ಸಮೀಕ್ಷೆ ಕಚೇರಿಯಲ್ಲಿ ಛಾಯಾಗ್ರಾಹಕಿ. ಪಾಳುಬಿದ್ದ ಪೆಟ್ರೋಲ್ ಬಂಕುಗಳನ್ನು ಕೆಡವುವ ಮುಂಚೆ ಅವುಗಳ ಫೋಟೋ ತೆಗೆಯುವುದು ನನ್ನ ಕೆಲಸ. ಪ್ರತಿ ಬಂಕಿಗೂ ಎರಡು ಬಗೆಯ ಚಿತ್ರ ಬೇಕು. ಒಂದು ಕಣ್ಣಿಗೆ ಕಾಣುವುದರದು. ಇನ್ನೊಂದು ಕಾಣದಿರುವುದರದು, ಅಂದರೆ ನೆಲದೊಳಗೆ ಸೋರಿ ಉಳಿದಿರುವ ಎಣ್ಣೆಯದು. ಎರಡನೆಯದಕ್ಕೆ ಬೇರೆಯೇ ಕ್ಯಾಮೆರಾ ಇದೆ. ಕಡತದಲ್ಲಿ ಅದರ ಹೆಸರು ಗಂಧಚಿತ್ರಕ, ನಮ್ಮ ಬಾಯಲ್ಲಿ ಬರೀ ಮೂಗು. ನೆಲಕ್ಕೆ ಮೂವತ್ತು ಸಣ್ಣ ಸೂಜಿಗಳನ್ನು ಚುಚ್ಚಿಟ್ಟರೆ ಮಣ್ಣಿನ ಕಣಗಳ ನಡುವೆ ಅಡಗಿರುವ ಆವಿ ಅವುಗಳೊಳಗೆ ಏರುತ್ತದೆ. ಯಂತ್ರ ಆ ಆವಿಯ ಮೇಲೆ ಬೆಳಕು ಹಾಯಿಸಿ ಯಾವ ಬಣ್ಣ ಎಷ್ಟು ಹೀರಿಹೋಯಿತೆಂದು ಅಳೆಯುತ್ತದೆ. ಪೆಟ್ರೋಲು ಹೀರುವ ಬಣ್ಣ ಬೇರೆ, ಎಂಜಿನ್ ಎಣ್ಣೆ ಹೀರುವ ಬಣ್ಣ ಬೇರೆ. ಪೆಟ್ರೋಲಿಗೆ ಬೆರೆಸುತ್ತಿದ್ದ ಸೇರ್ಪಡೆಗಳು ಕಾಲಕಾಲಕ್ಕೆ ಬದಲಾಗಿದ್ದರಿಂದ ಅದು ಯಾವ ಕಾಲದಲ್ಲಿ ಸೋರಿದ್ದು ಎಂಬುದೂ ಗೊತ್ತಾಗುತ್ತದೆ. ಎರಡು ದಿನ ಬಿಟ್ಟರೆ ನೆಲದ ಒಳಗಿನ ಪೂರ್ತಿ ಚಿತ್ರ ಸಿದ್ಧ. ಅಷ್ಟೇ ಅದರ ಗುಟ್ಟು, ಮಿಕ್ಕಿದ್ದು ಗಣಿತ.

ಹಾವೇರಿ ದಾಟಿ ಹುಬ್ಬಳ್ಳಿಯ ಕಡೆಗೆ ಹೋಗುವಾಗ ಹಿರೇಕಟ್ಟಿ ಕ್ರಾಸಿನಲ್ಲಿ ಇರುವ ಶ್ರೀ ಗುರುಶಾಂತ ಸರ್ವಿಸ್ ಸ್ಟೇಷನ್ ನನ್ನ ನೂರಾ ಹನ್ನೆರಡನೆಯ ಬಂಕು. ಇಂಥ ಕಡೆ ನಾನು ಬಂದ ತಕ್ಷಣ ಕ್ಯಾಮೆರಾ ತೆಗೆಯುವುದಿಲ್ಲ. ಮೊದಲು ಒಂದು ಸುತ್ತು ಸುಮ್ಮನೆ ತಿರುಗುತ್ತೇನೆ. ಎರಡು ಪಂಪುಗಳು ನಿಂತಲ್ಲೇ ನಿಂತಿದ್ದವು, ಅವುಗಳ ರಬ್ಬರ್ ಕೊಳವೆಗಳನ್ನು ಇಲಿಗಳು ಕಡಿದು ಮುಗಿಸಿದ್ದವು. ತಗಡಿನ ಚಾವಣಿಯ ಮೂಲೆಯಲ್ಲಿ ಹೆಜ್ಜೇನು. ಲಾರಿ ಹತ್ತಿಸಿ ತೊಳೆಯುತ್ತಿದ್ದ ಇಳಿಜಾರು ಕಟ್ಟೆಯ ಬಿರುಕಿನಲ್ಲಿ ಎಕ್ಕದ ಗಿಡ ಎದೆಮಟ್ಟ ಬೆಳೆದಿತ್ತು. ಕಚೇರಿ ಕೋಣೆಯಲ್ಲಿ ಗೋಡೆಗೆ ಒಂದು ಕನ್ನಡಿ, ಅದರ ಅಂಚಿಗೆ ಯಾರೋ ಅಂಟಿಸಿ ಮರೆತ ಮೂರು ಕೆಂಪು ಬಿಂದಿ. 'ಗಾಳಿ ಉಚಿತ' ಎಂಬ ಫಲಕ ಮಾತ್ರ ನಿನ್ನೆ ಬರೆದ ಹಾಗೆ ಇತ್ತು. ಪೇಟೆಯ ಹುಡುಗ ಹುಡುಗಿಯರು ಮದುವೆಗೆ ಮುಂಚೆ ಇಂಥ ಪಾಳು ಜಾಗಗಳಿಗೆ ಬಂದು ರೇಷ್ಮೆ ಉಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಅದನ್ನು ಕಂಡರೆ ಮೈ ಉರಿಯುತ್ತದೆ. ಜನ ದುಡಿದ ಜಾಗ ಇದು.

ಪಂಪಿನ ಫೋಟೋ ತೆಗೆಯುತ್ತಿದ್ದಾಗ ಹಿಂದೆ ಯಾರೋ ನಿಂತಂತಾಯಿತು. ನಲವತ್ತೈದು ದಾಟಿದ ಹೆಂಗಸು, ಕೈಯೆಲ್ಲ ಗ್ರೀಸು.

"ನೀವು ಸಮೀಕ್ಷೆದವ್ರೇನ್ರಿ?"

"ಹೌದ್ರಿ."

"ನಿಮ್ಮ ಮಷಿನ್ನು ಪೆಟ್ರೋಲ್ ಯಾವುದು, ಗ್ಯಾರೇಜಿನ ಕರೀ ಎಣ್ಣಿ ಯಾವುದು ಅಂತ ಬ್ಯಾರೆ ಮಾಡಿ ತೋರಸ್ತೈತೇನ್ರಿ?"

ಇಂಥ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. "ತೋರಸ್ತೈತಿ" ಎಂದೆ.

"ಹಂಗಾರ ನಮ್ಮ ಮನ್ಯಾಗ ಇರ್ರಿ. ಈ ರೋಡಿಗೆ ಈಗ ಲಾಡ್ಜ್ ಎಲ್ಲೈತಿ?"

ಅವಳ ಹೆಸರು ಅಕ್ಷತಾ ಕಮ್ಮಾರ. ಬಂಕಿಗೆ ತಾಗಿಯೇ ಇದ್ದ ಹಳೆಯ ಗ್ಯಾರೇಜಿನ ಹಿಂದುಗಡೆ ಮನೆ. ಗಂಡ ಸವಣೂರಿನ ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಅವಳು ಔಷಧಿ ಹೊಡೆಯುವ ಯಂತ್ರಗಳನ್ನೂ ಪಂಪ್‌ಸೆಟ್ಟುಗಳನ್ನೂ ರಿಪೇರಿ ಮಾಡುತ್ತಾಳೆ. ಅವಳ ಅಂಗಳದಲ್ಲಿ ಹತ್ತು ಊರುಗಳ ಯಂತ್ರಗಳಿದ್ದವು. ಹಿರೇಕಟ್ಟಿಯದು ಒಂದೂ ಇರಲಿಲ್ಲ. ಯಾಕೆಂಬುದನ್ನು ಅವಳು ರೊಟ್ಟಿ ಬಡಿಯುತ್ತಾ ಹೇಳಿದಳು.

ಮೂವತ್ತು ವರ್ಷಗಳ ಹಿಂದೆ ಊರ ಬಾವಿಯ ನೀರು ಪೆಟ್ರೋಲಿನ ವಾಸನೆ ಹೊಡೆಯತೊಡಗಿತಂತೆ. ಕುಡಿದವರಿಗೆ ವಾಂತಿ, ಮಕ್ಕಳ ಮೈಗೆ ತುರಿ. ಬಾವಿಯ ಬಳಿ ಇದ್ದದ್ದು ಎರಡೇ, ಬಂಕು ಮತ್ತು ಅಕ್ಷತಾಳ ಅಪ್ಪ ಮಾನಪ್ಪನ ಗ್ಯಾರೇಜು. ಊರವರು ಸೇರಿ ಬಂಕಿನ ಫಕ್ಕೀರಪ್ಪ ಕೋಣನವರ ಅವರನ್ನು ಕೇಳಿದರು. ಟ್ಯಾಂಕಿಗೆ ಅಳತೆಕೋಲು ಇಳಿಬಿಟ್ಟು ಎಷ್ಟು ಎಣ್ಣೆಯಿದೆಯೆಂದು ನೋಡುವುದು ಅವರ ಕೆಲಸ. ಸುಳ್ಳಾಡದ ಮನುಷ್ಯನೆಂದು ಹತ್ತೂರಿಗೆ ಹೆಸರಾದವರು. 'ನನ್ನ ಟ್ಯಾಂಕಿನಿಂದ ಒಂದು ಹನಿ ಹೋಗಿಲ್ಲ' ಎಂದರು. ಅಷ್ಟು ಸಾಕಾಯಿತು. ಮಾನಪ್ಪ ಗ್ಯಾರೇಜಿನ ಹೊಲಸು ಎಣ್ಣೆಯನ್ನು ನೆಲಕ್ಕೆ ಸುರಿದು ಬಾವಿ ಕೆಡಿಸಿದ ಎಂದಾಯಿತು. ಬಾವಿಗೆ ಕಲ್ಲುಚಪ್ಪಡಿ ಮುಚ್ಚಿದರು. ಮಾನಪ್ಪನ ಗ್ಯಾರೇಜಿಗೆ ಊರಿನ ಒಂದು ಸೈಕಲ್ಲೂ ಮತ್ತೆ ಬರಲಿಲ್ಲ.

"ಬಿಟ್ಟು ಹೋಗಬೇಕಿತ್ತಲ್ಲ?" ಎಂದೆ.

"ಹೋದ್ರ ಒಪ್ಪಿಕೊಂಡಂಗ ಆಗ್ತೈತಿ ಅಂತಿದ್ದ ಅಪ್ಪ. ಹನ್ನೆರಡು ವರ್ಷ ಇಲ್ಲೇ ಕುಂತು ಸತ್ತ. ಈಗ ನಾ ಕುಂತೀನಿ." ಅವಳು ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು. "ಮುಂದಿನ ಸೋಮವಾರ ಬಂಕು ಕೆಡವ್ತಾರ. ಟ್ಯಾಂಕು ತೆಗದು ಕರಗಿಸಿದ್ರ ಮುಗೀತು, ಆಮ್ಯಾಲ ಯಾರು ಯಾರನ್ನ ಕೇಳೂದು? ನಮ್ಮಪ್ಪ ಮಾಡಿದ್ರ ಮಾಡ್ಯಾನ ಅಂತ ಬರೀರಿ ಮೇಡಂ. ಆದ್ರ ನೋಡಿ ಬರೀರಿ. ಅವತ್ತು ಯಾರೂ ನೋಡಲಿಲ್ಲ."

ರೊಟ್ಟಿ ತಿಂದು ಕೈ ತೊಳೆದು, ಮರುದಿನಕ್ಕೆ ಸೂಜಿಗಳನ್ನು ಎಣಿಸಿಟ್ಟೆ.

ಮರುದಿನ ಬೆಳಿಗ್ಗೆ ಸೂಜಿಗಳನ್ನು ಚುಚ್ಚುತ್ತಿದ್ದಾಗ ಫಕ್ಕೀರಪ್ಪನವರೇ ಬಂದರು. ಎಂಬತ್ತಾರು ವರ್ಷ, ಇಸ್ತ್ರಿ ಹಾಕಿದ ಬಿಳಿ ಅಂಗಿ, ಹೆಗಲ ಮೇಲೆ ಹಳೆ ಧೋತರದಲ್ಲಿ ಸುತ್ತಿದ ಉದ್ದನೆಯ ಏನೋ ಒಂದು. ಬಂಕು ಮುಚ್ಚಿದ ದಿನ ಅಳತೆಕೋಲನ್ನು ಮನೆಗೆ ಒಯ್ದಿದ್ದರಂತೆ. ಹಿತ್ತಾಳೆಯ ಕೋಲು. ದೇವರ ಸಾಮಾನಿನ ಹಾಗೆ ಥಳಥಳಿಸುತ್ತಿತ್ತು.

"ಫೋಟೋ ತೆಗ್ಯಾಕ ಬಂದೀರಂತ ಕೇಳಿದೆ. ಬರೇ ಗ್ವಾಡಿ ತೆಗದು ಏನ್ಮಾಡ್ತೀ ತಂಗಿ? ಕೆಲಸ ಹೆಂಗ ಆಗ್ತಿತ್ತು ಅನ್ನೂದನ್ನ ತಕ್ಕೋ."

ಇವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರು ಚಪ್ಪಲಿ ಕಳಚಿಟ್ಟು, ಕೋಲನ್ನು ಬಟ್ಟೆಯಿಂದ ಒರೆಸಿ, ಮೊದಲನೆಯ ಟ್ಯಾಂಕಿನ ಮುಚ್ಚಳದ ಬಳಿ ಮಂಡಿಯೂರಿ ಕುಳಿತ ರೀತಿಯಲ್ಲೇ ಗೊತ್ತಾಗುತ್ತಿತ್ತು, ಈ ಮನುಷ್ಯ ಕೆಲಸಕ್ಕೆ ಮೋಸ ಮಾಡಿದವರಲ್ಲ. ಖಾಲಿ ಟ್ಯಾಂಕು. ಸಣ್ಣ ಕೊಳವೆಯಲ್ಲಿ ಕೋಲು ಇಳಿಯಿತು. ಕೊನೆಗೆ ಬೆರಳು ಸಡಿಲಿಸಿದರು. ಟಣ್ ಎಂದಿತು. ಅರ್ಧ ಮೊಳ ಎತ್ತಿ ಮತ್ತೆ ಬಿಟ್ಟರು. ಮತ್ತೆ ಟಣ್.

"ಎರಡು ಸಲ ಯಾಕ್ರಿ ಅಜ್ಜಾರ?"

"ತಳ ಮುಟ್ಟಿದ್ದು ಕಿವಿಗೆ ಕೇಳಬೇಕು. ಒಂದು ಸಲ ಕೇಳಿದ್ರ ಮನಸಿನ ಭ್ರಮಿ ಇರಬಹುದು. ಎರಡು ಸಲ ಕೇಳಿದ್ರ ಖರೇ. ಬ್ಯಾರೆ ಬಂಕಿನವ್ರು ಮೆಲ್ಲಕ ಇಳಿಸಿ ಅಂದಾಜಿಗೆ ಹೇಳ್ತಿದ್ರು. ನಾ ದಿನಕ್ಕ ಮೂರು ಹೊತ್ತು, ಹೊತ್ತಿಗೆ ಎರಡು ಸಲ. ಮೂವತ್ತೊಂದು ವರ್ಷದಾಗ ಒಂದು ದಿನಾ ತಪ್ಪಿಸಿಲ್ಲ."

ಎರಡನೆಯ ಟ್ಯಾಂಕಿಗೆ ಹೋದರು. ನಾನು ಫೋಟೋ ತೆಗೆಯುತ್ತಲೇ ಇದ್ದೆ. ಕೋಲು ಇಳಿಯಿತು, ಬೆರಳು ಸಡಿಲವಾಯಿತು. ಸದ್ದೇ ಬರಲಿಲ್ಲ. ಎತ್ತಿ ಮತ್ತೆ ಬಿಟ್ಟರು. ಆಗಲೂ ಇಲ್ಲ.

"ಕಿವಿ ಹೋಗ್ಯಾವು" ಎಂದರು ಫಕ್ಕೀರಪ್ಪ, ಸ್ವಲ್ಪ ನಾಚಿ.

ಅವರ ಕಿವಿ ಚೆನ್ನಾಗಿಯೇ ಇದ್ದವು. ನನಗೂ ಕೇಳಿಸಿರಲಿಲ್ಲ. ಕೋಲು ಮೇಲೆ ಬಂದಾಗ ತುದಿಯಲ್ಲಿ ನಾಲ್ಕು ಬೆರಳು ಕಪ್ಪು ಮಣ್ಣು ಮೆತ್ತಿತ್ತು. ಹೂಳು ಕೂತಿರಬೇಕೆಂದು ಅವರು ಅದನ್ನು ಒರೆಸಿದರು. ಆದರೆ ಕೋಲಿನ ಮೇಲಿನ ಗೆರೆಗಳನ್ನು ನಾನು ಓದಿದ್ದೆ. ಅದು ನಮ್ಮ ಕಡತದಲ್ಲಿದ್ದ ಟ್ಯಾಂಕಿನ ಆಳಕ್ಕಿಂತ ನಾಲ್ಕು ಬೆರಳು ಹೆಚ್ಚೇ ಇಳಿದಿತ್ತು. ಆ ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಉಳಿದ ಸೂಜಿಗಳನ್ನು ಚುಚ್ಚಲು ಹೋದೆ.

ಗುರುವಾರ ಸೂಜಿಗಳನ್ನು ಕಿತ್ತುಕೊಂಡು ಧಾರವಾಡಕ್ಕೆ ಹೋದೆ. ನಮ್ಮ ನಿಯಂತ್ರಣ ಕೊಠಡಿಯ ಮುಖ್ಯಸ್ಥರು ಗೋಡಬೋಲೆ ಸರ್. ಕಪ್ಪಿನಿಂದ ಬಸಿಗೆ ಸುರಿದುಕೊಂಡೇ ಚಹಾ ಕುಡಿಯುವವರು, ಆ ಚಹಾ ಮುಗಿಯುವ ತನಕ ಪರದೆಯನ್ನು ನೋಡುವುದಿಲ್ಲ. ಆ ದಿನ ಅರ್ಧಕ್ಕೇ ಬಸಿ ಕೆಳಗಿಟ್ಟರು.

ಪರದೆಯ ಮೇಲೆ ಹಿರೇಕಟ್ಟಿಯ ನೆಲ ತೆರೆದುಕೊಂಡಿತ್ತು. ಗ್ಯಾರೇಜಿನ ಅಡಿಯಲ್ಲಿ ಕಂದು ಬಣ್ಣದ ಒಂದು ಕಲೆ. ಕೌದಿಯಷ್ಟು ಅಗಲ, ಗೇಣುದ್ದ ಆಳ. ಎಂಜಿನ್ ಎಣ್ಣೆ ದಪ್ಪ, ಬಿದ್ದಲ್ಲಿಂದ ಹೆಚ್ಚು ದೂರ ಸಾಗುವುದಿಲ್ಲ. ಬಾವಿಗೂ ಆ ಕಲೆಗೂ ಯಾವ ಸಂಬಂಧವೂ ಇರಲಿಲ್ಲ. ಇನ್ನೊಂದು, ಕಡುನೀಲಿಯದು, ಎರಡನೆಯ ಟ್ಯಾಂಕಿನ ಬುಡದಲ್ಲಿ ದಾರದಂತೆ ಸಣ್ಣಗೆ ಹುಟ್ಟಿ, ಅಗಲವಾಗುತ್ತಾ ಸೀದಾ ಬಾವಿಗೆ ಹೋಗಿ ಸೇರಿತ್ತು. ಅದು ಪೆಟ್ರೋಲು. ಸೋರಿಕೆ ಶುರುವಾಗಿದ್ದು ಮೂವತ್ತೆರಡು ವರ್ಷದ ಹಿಂದೆ.

ಗೋಡಬೋಲೆ ಸರ್ ದಾರದ ತುದಿಯನ್ನು ದೊಡ್ಡದು ಮಾಡಿದರು. ಅದು ಅಳತೆಕೋಲಿನ ಕೊಳವೆಯ ನೇರ ಕೆಳಗಿತ್ತು.

"ಇಲ್ಲಿ ಅಂಗೈಯಗಲ ಒಂದು ಉಕ್ಕಿನ ತಟ್ಟಿ ಇರಬೇಕು" ಎಂದರು. "ಕೋಲಿನ ಪೆಟ್ಟು ತಟ್ಟಿಗೆ ಬೀಳಲಿ, ಟ್ಯಾಂಕಿಗೆ ಬೀಳಬಾರದು ಅಂತ. ಒಂದನೇ ಟ್ಯಾಂಕಿನಾಗ ಐತಿ. ಎರಡನೇದರಾಗ ಹೂಳುವಾಗ ಯಾರೋ ಹಾಕೂದು ಮರತಾರ. ಕೊಳವಿ ಸಣ್ಣದು, ಕೋಲು ದಿನಾ ಒಂದೇ ಜಾಗಾಕ್ಕ ಬೀಳ್ತೈತಿ. ಆದ್ರೂ ಇಷ್ಟು ಬೇಗ ತೂತು ಬೀಳಬಾರದಿತ್ತಲ್ಲ."

ನಾನು ಮಾನಪ್ಪನ ಕಥೆಯನ್ನೂ ಫಕ್ಕೀರಪ್ಪನವರ ಎರಡು ಪೆಟ್ಟಿನ ಪದ್ಧತಿಯನ್ನೂ ಹೇಳಿದೆ. ಅವರು ಮನಸ್ಸಿನಲ್ಲೇ ಗುಣಿಸಿದರು. ಟ್ಯಾಂಕು ಹೂತಂದಿನಿಂದ ಸೋರಿಕೆ ಶುರುವಾಗುವ ತನಕ ಇಪ್ಪತ್ತೆರಡು ವರ್ಷ, ಸುಮಾರು ನಲವತ್ತೆಂಟು ಸಾವಿರ ಪೆಟ್ಟು. ಮೊದಲು ಬಿದ್ದದ್ದು ಸೂಜಿಮೊನೆಯಷ್ಟು ತೂತು. ದಿನಕ್ಕೆ ಎರಡು ಮೂರು ಲೀಟರು ಇಳಿದಿರಬೇಕು. ಬಿಸಿಲಿಗೆ ಅಷ್ಟು ಆರಿಹೋಗುವುದು ಎಲ್ಲ ಬಂಕಿನಲ್ಲೂ ಇದ್ದದ್ದೇ, ಹಾಗಾಗಿ ಅವರಿಗೆ ಅನುಮಾನ ಬಂದಿಲ್ಲ. ಬಂಕು ಮುಚ್ಚಿದ ಮೇಲೆ ತುಕ್ಕು ಅದೇ ತೂತನ್ನು ದೊಡ್ಡದು ಮಾಡಿದೆ. ಸೋಮಾರಿಯೊಬ್ಬ ಆ ಕೆಲಸದಲ್ಲಿದ್ದಿದ್ದರೆ ಹಿರೇಕಟ್ಟಿಯ ಬಾವಿ ಉಳಿಯುತ್ತಿತ್ತು.

"ತಟ್ಟಿ ಇರಲಿಲ್ಲ ಅಂತ ಬರದುಬಿಡು" ಎಂದರು ಗೋಡಬೋಲೆ ಸರ್. "ಎಂಬತ್ತಾರು ವರ್ಷದ ಮುದುಕನ್ನ ಯಾಕ ಎಳೀತಿ? ಗ್ಯಾರೇಜಿನವನ ಮ್ಯಾಲಿನ ಆರೋಪ ಹೆಂಗೂ ಹೋತು."

"ಎಲ್ಲಿಂದ ಹೋತು ಸರ್? ನಮ್ಮ ಸರ್ವರಿನಾಗ ಹೋತು. ಹಿರೇಕಟ್ಟಿಯಾಗ ನಮ್ಮ ಸರ್ವರ್ ಯಾರು ಓದ್ತಾರ?"

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಗೋಡಬೋಲೆ ಸರ್ ಆರಿದ ಚಹಾ ಕುಡಿದರು. "ಹೇಳೂದಿದ್ರ ನೀನ ಹೇಳು. ಇಲಾಖೆ ಕಾಗದ ಕಳಿಸಬ್ಯಾಡ" ಎಂದರು. ಅದು ಅವರ ಒಳ್ಳೆಯತನ.

ಶನಿವಾರ ಮೊದಲು ಅಕ್ಷತಾಳಿಗೆ ಚಿತ್ರ ತೋರಿಸಿದೆ. ಅವಳು ಕಂದು ಕಲೆಯ ಮೇಲೆ ಬೆರಳಿಟ್ಟು, "ಇಷ್ಟೇನಾ ನಮ್ಮದು?" ಎಂದಳು. ಇಷ್ಟೇ ಎಂದೆ. ನೀಲಿಯ ಕಥೆಯನ್ನೂ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಬಹಳ ಹೊತ್ತು ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಹೊರಬಂದಾಗ ಮುಖ ತೊಳೆದಿದ್ದಳು, ಕಣ್ಣು ಕೆಂಪಾಗಿದ್ದವು.

"ಅವರಿಗೆ ಗೊತ್ತೇನು?"

"ಇನ್ನಾ ಇಲ್ಲ."

"ನಾ ಏನೂ ಕೇಳೂದಿಲ್ಲ ಮೇಡಂ. ಅವತ್ತು ಎಲ್ಲಿ ನಿಂತು ಹೇಳಿದ್ರೋ ಅಲ್ಲೇ ನಿಂತು ಹೇಳಲಿ. ಬಾವಿ ಮುಂದ. ನನ್ನ ಮನಿಗೆ ಬಂದು ಕಿವಿಯಾಗ ಹೇಳೂದು ಬ್ಯಾಡ."

ಫಕ್ಕೀರಪ್ಪನವರ ಮನೆಯಲ್ಲಿ ಸೊಸೆ ಮಜ್ಜಿಗೆ ತಂದಿಟ್ಟಳು. ಹೇಗೆ ಶುರು ಮಾಡುವುದೆಂದು ತಿಳಿಯದೆ ನಾನು ತಿಪ್ಪೆ ಸಾರಿಸುವ ಮಾತನ್ನೇ ಆಡತೊಡಗಿದೆ. ಹೂಳುವಾಗ ತಟ್ಟೆ ಹಾಕಿರಲಿಲ್ಲ, ಹಾಕದವರದು ತಪ್ಪು, ತುಕ್ಕು, ಇತ್ಯಾದಿ. ಅವರು ಕೈಯೆತ್ತಿ ತಡೆದು ಚಿತ್ರವನ್ನು ಈಸಿಕೊಂಡರು. ಕಿಟಕಿಯ ಬಳಿ ಹಿಡಿದರು. ನೀಲಿಯ ದಾರ ಹುಟ್ಟಿದ ಜಾಗಕ್ಕೆ ಅವರ ಬೆರಳು ತಾನಾಗಿ ಹೋಯಿತು. ಆ ಜಾಗದ ಗುರುತು ಅವರಿಗಿಂತ ಚೆನ್ನಾಗಿ ಇನ್ನಾರಿಗಿದ್ದೀತು?

"ಒಂದು ಸಲ ಬಿಟ್ಟಿದ್ರ ಸಾಕಿತ್ತೇನು?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. "ಇನ್ನೊಂದು ಇಪ್ಪತ್ತು ವರ್ಷ ಬಾಳಿಕಿ ಬರ್ತಿತ್ತ್ರಿ. ಅಷ್ಟರಾಗ ಬಂಕು ಮುಚ್ಚಿರ್ತಿತ್ತು."

ಅವರು ಚಿತ್ರವನ್ನು ಮಡಿಚಲಿಲ್ಲ, ಹಿಂದಿರುಗಿಸಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಮಜ್ಜಿಗೆ ಹಾಗೇ ಉಳಿಯಿತು. ಅಕ್ಷತಾ ಹೇಳಿಕಳಿಸಿದ ಮಾತನ್ನು ತಿಳಿಸಿದೆ. ಅವರು ತಲೆಯಾಡಿಸಿದರು, ನಾನು ಬಂದೆ.

ಸೋಮವಾರ ಬೆಳಿಗ್ಗೆ ಕೆಡವುವ ಯಂತ್ರಗಳು ಬರುವ ಮುಂಚೆಯೇ ಊರು ಬಾವಿಯ ಬಳಿ ನೆರೆದಿತ್ತು. ಕೆಡವುವುದನ್ನು ನೋಡಲು ಎಲ್ಲರಿಗೂ ಇಷ್ಟ. ಫಕ್ಕೀರಪ್ಪ ಬಂದರು. ಅಂಗಿಗೆ ಅಂದೂ ಇಸ್ತ್ರಿ ಇತ್ತು. ಚಪ್ಪಡಿಯ ಪಕ್ಕದಲ್ಲಿ ನಿಂತು, ಕೆಮ್ಮಿ, ಯಾವ ಪೀಠಿಕೆಯೂ ಇಲ್ಲದೆ ಹೇಳಿದರು.

"ಈ ಬಾವಿ ಕೆಡಿಸಿದವ ಮಾನಪ್ಪ ಅಲ್ಲ. ನಾನು. ನನ್ನ ಕೋಲಿನ ಪೆಟ್ಟಿಗೆ ಟ್ಯಾಂಕು ತೂತು ಬಿದ್ದಿತ್ತು. ಹನಿ ಹೋಗಿಲ್ಲ ಅಂದಿದ್ದೆ. ಹೋಗಿತ್ತು."

ಹಿಂದಿನಿಂದ ಒಬ್ಬರು ಮೆಲ್ಲಗೆ ನಕ್ಕರು. ಪಂಚಾಯ್ತಿ ಅಧ್ಯಕ್ಷೆ ಲಾವಣ್ಯ ಮುಂದೆ ಬಂದು, ಚಿಕ್ಕವರಿಗೆ ಹೇಳುವ ಹಾಗೆ ಸಮಾಧಾನದ ದನಿಯಲ್ಲಿ, "ಅಜ್ಜಾರ, ನಿಮಗ ವಯಸ್ಸಾಗೇತಿ. ನೀವು ತಪ್ಪು ಮಾಡೋ ಮನಿಷಾ ಏನು? ಈ ಮೇಡಂ ಏನೋ ಬಣ್ಣದ ಚಿತ್ರ ತೋರಿಸಿ ನಿಮ್ಮ ತಲಿ ಕೆಡಿಸ್ಯಾರ" ಎಂದಳು.

ನಾನು ಚಿತ್ರವನ್ನು ಎತ್ತಿ ಹಿಡಿದೆ. ಕಂದು ಯಾವುದು, ನೀಲಿ ಯಾವುದು ವಿವರಿಸಿದೆ. ಗೋಡೆಗೆ ಹೇಳಿದ ಹಾಗಾಯಿತು. ಇಡೀ ಊರು ಮೂವತ್ತು ವರ್ಷ ಫಕ್ಕೀರಪ್ಪನವರ ಪ್ರಾಮಾಣಿಕತೆಯನ್ನು ನಂಬಿ ಬದುಕಿತ್ತು. ಆ ನಂಬಿಕೆ ಈಗ ಅವರದೇ ಮಾತನ್ನು ಒಳಗೆ ಬಿಡುತ್ತಿರಲಿಲ್ಲ. ಅಕ್ಷತಾ ತನ್ನ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ನನ್ನ ಯಂತ್ರ ಸತ್ಯ ಹೇಳಿತ್ತು, ಅದನ್ನು ಯಾರಿಗೂ ಕೇಳಿಸುವ ಶಕ್ತಿ ಅದಕ್ಕಿರಲಿಲ್ಲ.

ಹಿರಿಯನೊಬ್ಬ ಮುಂದೆ ಬಂದ. "ಫಕ್ಕೀರಣ್ಣ, ಹಂಗಿದ್ರ ಆಣಿ ಮಾಡು. ಈ ಬಾವಿ ಮುಟ್ಟಿ ಆಣಿ ಮಾಡಿ ಹೇಳು, ನಂಬ್ತೀವಿ."

ಫಕ್ಕೀರಪ್ಪ ಅವನನ್ನು ನೋಡಿದರು. ಅವರ ದನಿ ಏರಲಿಲ್ಲ.

"ಅವತ್ತು ಮಾನಪ್ಪ ಇಲ್ಲೇ ನಿಂತು ಆಣಿ ಮಾಡ್ತೀನಿ ಅಂದ. ನೀವು ಮಾಡಗೊಡಲಿಲ್ಲ, ನೀರು ಇನ್ನಷ್ಟು ಮೈಲಿಗಿ ಆಗ್ತೈತಿ ಅಂದ್ರಿ. ನಂಗ ಯಾರೂ ಆಣಿ ಕೇಳಲಿಲ್ಲ. ಸುಳ್ಳು ಹೇಳಿದ ದಿನ ಕೇಳದಿದ್ದವ್ರು, ಖರೇ ಹೇಳೂ ದಿನ ಯಾಕ ಕೇಳ್ತೀರಿ?"

ಹಿರಿಯ ತಲೆ ತಗ್ಗಿಸಿದ. ಲಾವಣ್ಯಳೂ ತಗ್ಗಿಸಿದಳು. ಅವಳು ಆಗ ಆರು ವರ್ಷದವಳಿದ್ದಿರಬೇಕು, ತುರಿ ಎದ್ದ ಮಕ್ಕಳಲ್ಲಿ ಒಬ್ಬಳು. ಒಬ್ಬೊಬ್ಬರಾಗಿ ಜನ ಗ್ಯಾರೇಜಿನ ಬಾಗಿಲಿನತ್ತ ನೋಡತೊಡಗಿದರು, ಮತ್ತೆ ಕಣ್ಣು ತೆಗೆದರು. ಫಕ್ಕೀರಪ್ಪ ಇನ್ನೂ ನಿಂತೇ ಇದ್ದರು.

ಅಕ್ಷತಾ ಒಳಗೆ ಹೋಗಿ ಒಂದು ಕುರ್ಚಿ ಎತ್ತಿಕೊಂಡು ಬಂದಳು. ಜನ ದಾರಿ ಬಿಟ್ಟರು. ಅವಳು ಅದನ್ನು ಚಪ್ಪಡಿಯ ಪಕ್ಕ ಇಟ್ಟು, ಅವರ ತೋಳು ಹಿಡಿದು ಕೂರಿಸಿದಳು. ಅಲ್ಲಿಂದ ಕದಲದೆ, ಕುರ್ಚಿಯ ಹಿಂದೆಯೇ ನಿಂತಳು.

"ಕುಂದರ್ರಿ ಕಾಕಾ" ಎಂದಳು. "ಈಗ ಇನ್ನೊಮ್ಮೆ ಹೇಳ್ರಿ. ಹಿಂದಿನವ್ರಿಗೆ ಕೇಳಿಲ್ಲ."

ಅವರು ಇನ್ನೊಮ್ಮೆ ಹೇಳಿದರು.